ಕೊಡಿಗೇಹಳ್ಳಿ ಹಳಿಯ ಮೇಲೆ ಲಾರಿಗಳು: ರೋ-ರೋ ರೈಲು ನಡೆಯುವ ಬಗೆ

ಬೆಂಗಳೂರಿನ ಯಶವಂತಪುರ ಬಿಟ್ಟ ರೈಲು ಲೊಟ್ಟೆಗೊಲ್ಲಹಳ್ಳಿ, ಕೊಡಿಗೇಹಳ್ಳಿ ದಾಟಿ ಯಲಹಂಕ ಸೇರುತ್ತದೆ. ಧರ್ಮಾವರಂ, ಗುಂತಕಲ್ ಕಡೆಗೆ ಹೊರಟ ಗೂಡ್ಸ್ ಗಾಡಿಗಳಿಗೂ ಇದೇ ದಾರಿ. 2020ರ ಆಗಸ್ಟ್ 30ರಂದು ಈ ಮಾರ್ಗಕ್ಕೆ ಹೊಸದೊಂದು ಗಾಡಿ ಸೇರಿತು. ಅದರ ವ್ಯಾಗನ್‌ಗಳ ಮೇಲೆ ಲೋಡ್ ಸಮೇತ ಲಾರಿಗಳು ಸಾಲಾಗಿ ನಿಂತಿದ್ದವು. ನೆಲಮಂಗಲದಲ್ಲಿ ಆಗಿನ ಮುಖ್ಯಮಂತ್ರಿ ಬಿ.ಎಸ್. ಯಡಿಯೂರಪ್ಪ ಚಾಲನೆ ಕೊಟ್ಟ ಈ ರೋ-ರೋ ರೈಲು ರಾಯಚೂರು ದಾಟಿ ಸೊಲ್ಲಾಪುರದ ಪಕ್ಕದ ಬಾಳೆ ನಿಲ್ದಾಣ ತಲುಪಬೇಕಿತ್ತು. ದೂರ 682 ಕಿ.ಮೀ. ಒಂದು ಗಾಡಿಗೆ 42 ಲಾರಿ, ಒಟ್ಟು 1,260 ಟನ್ ಭಾರ, ಸುಮಾರು 17 ಗಂಟೆಯ ಪಯಣ ಎಂಬುದು ರೈಲ್ವೆ ಆಗ ಕೊಟ್ಟ ಲೆಕ್ಕ.

ರೋಲ್ ಆನ್, ರೋಲ್ ಆಫ್ ಎಂಬುದರ ಮೊಟಕು ರೂಪವೇ ರೋ-ರೋ. ಲಾರಿ ತನ್ನ ಗಾಲಿಗಳ ಮೇಲೆ ತಾನೇ ಉರುಳಿ ಹತ್ತುತ್ತದೆ, ತಾನೇ ಇಳಿಯುತ್ತದೆ. ಕ್ರೇನ್ ಬೇಡ, ಹಮಾಲಿ ಬೇಡ. ಗೋಡೆಯಿಲ್ಲದ ಚಪ್ಪಟೆ ವ್ಯಾಗನ್‌ಗಳ ಸಾಲಿನ ಒಂದು ತುದಿಯಲ್ಲಿ ರ‍್ಯಾಂಪ್ ಇರುತ್ತದೆ. ವ್ಯಾಗನ್ನಿಗೂ ವ್ಯಾಗನ್ನಿಗೂ ನಡುವಿನ ಸಂದಿಗೆ ಕಬ್ಬಿಣದ ಹಲಗೆ ಹಾಸಿರುತ್ತಾರೆ. ಮೊದಲ ಡ್ರೈವರ್ ರ‍್ಯಾಂಪ್ ಹತ್ತಿ, ಖಾಲಿ ವ್ಯಾಗನ್‌ಗಳ ಮೇಲೆ ಹಾಯ್ದು ಎದುರು ತುದಿಯವರೆಗೆ ಹೋಗಬೇಕು. ಅಕ್ಕಪಕ್ಕ ಉಳಿಯುವ ಜಾಗ ತೀರಾ ಕಡಿಮೆ. ಕೈ ಪಳಗಿದವರಿಗೆ ಮಾತ್ರ ಆಗುವ ಕೆಲಸವಿದು. ನಿಂತ ಮೇಲೆ ಹ್ಯಾಂಡ್ ಬ್ರೇಕ್ ಎಳೆದು, ಚಕ್ರಗಳಿಗೆ ಅಡ್ಡ ಕೊಟ್ಟು, ಚೈನಿನಿಂದ ಬಿಗಿಯುತ್ತಾರೆ.

ಹತ್ತಿಸುವ ಮುಂಚೆ ಎತ್ತರದ ತಪಾಸಣೆ ಆಗಲೇಬೇಕು. ವ್ಯಾಗನ್ ಮೇಲೆ ನಿಂತ ಲಾರಿ ಸಾಮಾನ್ಯ ಗೂಡ್ಸ್ ಗಾಡಿಗಿಂತ ಎತ್ತರವಾಗುತ್ತದೆ, ಮೇಲೆ 25,000 ವೋಲ್ಟಿನ ತಂತಿ ಇರುತ್ತದೆ. ಬಾಡಿಯ ಅಂಚು ಮೀರಿ ಒಟ್ಟಿದ ಮಾಲು, ಗಾಳಿಗೆ ಏಳುವ ಟಾರ್ಪಾಲು, ಸಡಿಲ ಹಗ್ಗ, ಇವುಗಳಲ್ಲಿ ಯಾವುದೂ ಇಲ್ಲಿ ಸಲ್ಲದು.

ಲಾರಿಗಳು ಒಂದರ ಹಿಂದೊಂದು ಹತ್ತುವುದರಿಂದ ನಡುವಿನ ಲಾರಿಯೊಂದನ್ನು ದಾರಿಯಲ್ಲಿ ಇಳಿಸಲು ಸಾಧ್ಯವಿಲ್ಲ. ಗುಂತಕಲ್‌ನಲ್ಲಿ ನಾಲ್ಕು, ರಾಯಚೂರಿನಲ್ಲಿ ಆರು ಎಂದು ಬಿಟ್ಟು ಹೋಗಲಾಗದು. ಕೊಡಿಗೇಹಳ್ಳಿಯಲ್ಲಾಗಲಿ ಯಲಹಂಕದಲ್ಲಾಗಲಿ ಎರಡು ಲಾರಿ ಹತ್ತಿಸಿಕೊಳ್ಳುವ ಮಾತೂ ಇಲ್ಲ. ಈ ತುದಿಯಲ್ಲಿ ಹತ್ತಿದ್ದು ಆ ತುದಿಯಲ್ಲೇ ಇಳಿಯಬೇಕು. ಹಾಗಾಗಿ ಎರಡೂ ತುದಿಯಲ್ಲಿ ಒಂದೇ ಹೊತ್ತಿಗೆ ನಲವತ್ತು ಲಾರಿಯಷ್ಟು ಲೋಡ್ ಕೂಡಿಬರಬೇಕು. ಈ ವ್ಯವಸ್ಥೆಯ ಅತಿ ದೊಡ್ಡ ಕಷ್ಟ ಇದೇ ಎಂಬುದು ನನ್ನ ಅಭಿಪ್ರಾಯ.

ಯಶವಂತಪುರದ ಎಪಿಎಂಸಿ ಯಾರ್ಡ್‌ಗೆ ಮಹಾರಾಷ್ಟ್ರದಿಂದ ಈರುಳ್ಳಿ ಬರುತ್ತದೆ. ಕೊಡಿಗೇಹಳ್ಳಿಯ ತರಕಾರಿ ಅಂಗಡಿಯವರೆಗೂ ಅದರ ಪಾಲು ಸಾಗುತ್ತದೆ. ಸೊಲ್ಲಾಪುರವೂ ದೊಡ್ಡ ಈರುಳ್ಳಿ ಮಾರುಕಟ್ಟೆ. ಅಂದರೆ ಆ ಕಡೆಯಿಂದ ಬರುವ ಲೋಡಿಗೆ ಕೊರತೆಯಿಲ್ಲ. ಆದರೆ ಈರುಳ್ಳಿ ಸುಗ್ಗಿಗೆ ತಕ್ಕಂತೆ ಏರಿಳಿಯುತ್ತದೆ, ಬೆಂಗಳೂರಿನಿಂದ ಹೋಗುವ ಮಾಲು ಬೇರೆ ಲೆಕ್ಕದಲ್ಲಿ ಹೊರಡುತ್ತದೆ. ರಿಟರ್ನ್ ಲೋಡ್ ಸಿಗದ ಲಾರಿ ರಸ್ತೆಯಲ್ಲಾದರೆ ಹುಬ್ಬಳ್ಳಿಯಲ್ಲೋ ವಿಜಯಪುರದಲ್ಲೋ ನಿಂತು ಬಾಡಿಗೆ ಹುಡುಕಬಹುದು. ರೈಲಿಗೆ ಆ ಸ್ವಾತಂತ್ರ್ಯವಿಲ್ಲ.

ಹಾಗಿದ್ದೂ ರೋ-ರೋ ಸೇವೆಯನ್ನು ಬೆಳೆಸಬೇಕು ಎನ್ನಲು ಕಾರಣಗಳಿವೆ. 2025ರ ಏಪ್ರಿಲ್ 1ರಂದು ಡೀಸೆಲ್ ಮೇಲಿನ ರಾಜ್ಯದ ತೆರಿಗೆ ಶೇ 18.44ರಿಂದ 21.17ಕ್ಕೆ ಏರಿ, ಬೆಂಗಳೂರಿನಲ್ಲಿ ಲೀಟರಿಗೆ 91 ರೂಪಾಯಿ ಮುಟ್ಟಿತು. ಡೀಸೆಲ್, ಟೋಲ್, ಗಡಿ ಚೆಕ್‌ಪೋಸ್ಟ್‌ಗಳ ವಿಚಾರ ಎತ್ತಿಕೊಂಡು ಅದೇ ತಿಂಗಳ ಮಧ್ಯದಲ್ಲಿ ಲಾರಿ ಮಾಲೀಕರು ಮುಷ್ಕರ ಹೂಡಿದರು. ಲೋಡಾದ ದೊಡ್ಡ ಲಾರಿ ಲೀಟರಿಗೆ ನಾಲ್ಕು ಕಿ.ಮೀ. ಕೊಡುತ್ತದೆ ಎಂದಿಟ್ಟುಕೊಂಡರೂ, ಆರುನೂರು ಕಿ.ಮೀ. ರಸ್ತೆಗೆ 150 ಲೀಟರ್ ಬೇಕು. ಆ ದರದಲ್ಲಿ ಡೀಸೆಲ್ಲಿಗೇ 13,650 ರೂಪಾಯಿ. ಟೋಲು, ಟೈರಿನ ಸವೆತ ಬೇರೆ. ಉಕ್ಕಿನ ಹಳಿಯ ಮೇಲೆ ಉಕ್ಕಿನ ಗಾಲಿ ಉರುಳಲು ಡಾಂಬರಿನ ಮೇಲಿನ ಟೈರಿಗಿಂತ ಎಷ್ಟೋ ಕಡಿಮೆ ಬಲ ಸಾಕು. ಅದಕ್ಕೇ ಲಾರಿಯ ಸ್ವಂತ ತೂಕವನ್ನೂ ಹೊರುವ ನಷ್ಟವನ್ನು ರೈಲು ತಾಳಿಕೊಳ್ಳುತ್ತದೆ.

ಡ್ರೈವರ್ ವಿಷಯಕ್ಕೆ ಸಿಗಬೇಕಾದಷ್ಟು ಮಹತ್ವ ಸಿಕ್ಕಿಲ್ಲ. 2025ರವರೆಗೆ ಜಾರಿಯಲ್ಲಿದ್ದ 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ದಿನಕ್ಕೆ ಎಂಟು ಗಂಟೆ, ವಾರಕ್ಕೆ 48 ಗಂಟೆ ದುಡಿಮೆ ಎನ್ನುತ್ತಿತ್ತು. ಟ್ರಿಪ್ ಲೆಕ್ಕದಲ್ಲಿ ಭತ್ಯೆ ಪಡೆಯುವವನು ಆ ಮಿತಿಯಲ್ಲಿ ಸೊಲ್ಲಾಪುರ ಮುಟ್ಟಲಾರ, ನಿದ್ದೆಗೆಟ್ಟು ಓಡಿಸುತ್ತಾನೆ. ಬೆಂಗಳೂರಿನಲ್ಲಿ ಲಾರಿ ಪ್ರವೇಶಕ್ಕಿರುವ ಹಗಲಿನ ನಿರ್ಬಂಧದಿಂದಾಗಿ ಊರ ಹೊರಗೆ ಕಾದ ಗಂಟೆಗಳೂ ಅವನ ತಲೆಯ ಮೇಲೇ ಬೀಳುತ್ತವೆ. ರೈಲಿನಲ್ಲಿ ಲಾರಿ ಸಾಗುತ್ತಿರುವಾಗಲೇ ಅವನು ಮಲಗಬಹುದು. ಕೊಂಕಣ ರೈಲ್ವೆಯಲ್ಲಿ ಡ್ರೈವರ್, ಕ್ಲೀನರ್ ತಮ್ಮ ಕ್ಯಾಬಿನ್‌ನಲ್ಲೇ ಕೂತು ಪಯಣಿಸುತ್ತಾರೆ.

ಆ ಕೊಂಕಣ ರೈಲ್ವೆಯೇ ದೇಶದಲ್ಲಿ ಇದಕ್ಕೆ ದಾರಿ ಹಾಕಿಕೊಟ್ಟದ್ದು. 1999ರ ಜನವರಿ 26ರಂದು ಮಹಾರಾಷ್ಟ್ರದ ಕೋಲಾಡ್‌ನಿಂದ ಗೋವಾದ ವೆರ್ಣಕ್ಕೆ ಆರಂಭವಾದ ಸೇವೆ ಮುಂದೆ ನಮ್ಮ ಸುರತ್ಕಲ್ ತನಕ ಬಂತು. ಅಲ್ಲಿ ಅದು ಬೇರೂರಿದ್ದಕ್ಕೆ ಪಕ್ಕದ ರಸ್ತೆಯೇ ಕಾರಣ: ತಿರುವು, ಘಾಟಿ, ಮಳೆಗಾಲದ ಗುಡ್ಡ ಕುಸಿತ. ಸೊಲ್ಲಾಪುರದ ಹೆದ್ದಾರಿ ಬಯಲುಸೀಮೆಯ ಅಗಲ ರಸ್ತೆ. ಇಲ್ಲಿ ರೈಲು ಗೆಲ್ಲಬೇಕಾದರೆ ಹೊರಡುವ ಹೊತ್ತು ಖಚಿತವಾಗಿರಬೇಕು, ನಿಲ್ದಾಣದ ಪಕ್ಕದಲ್ಲೇ ಗೋದಾಮು, ಲಾರಿ ನಿಲ್ಲಿಸುವ ಜಾಗ, ಡ್ರೈವರ್‌ಗೆ ಸ್ನಾನ, ಊಟದ ಅನುಕೂಲ ಇರಬೇಕು. ದಾಬಸ್‌ಪೇಟೆ ಬಳಿಯ ಮುದ್ದಲಿಂಗನಹಳ್ಳಿಯಲ್ಲಿ 2022ರ ಜೂನ್ 20ರಂದು ಶಂಕುಸ್ಥಾಪನೆಯಾದ 400 ಎಕರೆಯ ಬಹುಮಾದರಿ ಲಾಜಿಸ್ಟಿಕ್ಸ್ ಪಾರ್ಕ್‌ನ ಯೋಚನೆ ಇದೇ. ಹಳಿ, ಹೆದ್ದಾರಿ, ಗೋದಾಮು ಒಂದೇ ಕಡೆ ಇದ್ದರೆ ನಲವತ್ತು ಲಾರಿಯ ಲೋಡ್ ಕೂಡಿಸಲು ಬ್ರೋಕರ್ ಆಫೀಸುಗಳನ್ನು ಸುತ್ತುವುದು ತಪ್ಪುತ್ತದೆ.

ಒಂದೆರಡು ಲಾರಿ ಇಟ್ಟುಕೊಂಡವರು ರೋ-ರೋ ಬಾಡಿಗೆಯನ್ನು ಬರಿಯ ಡೀಸೆಲ್ ಖರ್ಚಿನೊಂದಿಗೆ ಹೋಲಿಸಿದರೆ ಸಾಲದು. ಟೋಲು, ಟೈರು, ದಾರಿಯ ದಂಡ, ಡ್ರೈವರ್ ಭತ್ಯೆ ಕೂಡಿಸಿಕೊಳ್ಳಿ. ಇಳಿದ ಜಾಗದಿಂದ ಗ್ರಾಹಕನ ಗೋದಾಮು ಎಷ್ಟು ದೂರ, ಹಿಂದಿರುಗುವಾಗ ಲೋಡ್ ಖಾತ್ರಿಯೇ ಎಂದು ಕೇಳಿ. ಮಾಲಿನ ಜೊತೆ ಇರಬೇಕಾದ ಇ-ವೇ ಬಿಲ್‌ಗೆ ಪ್ರತಿ 200 ಕಿ.ಮೀ.ಗೆ ಒಂದು ದಿನದ ಅವಧಿ ಮಾತ್ರ. ರೈಲು ಹೊರಡುವುದು ತಡವಾದರೆ ಆ ಅವಧಿಯನ್ನು ವಿಸ್ತರಿಸಿಕೊಳ್ಳುವ ಹೊಣೆ ಯಾರದು ಎಂಬುದನ್ನು ಬುಕ್ ಮಾಡುವಾಗಲೇ ಬರಹದಲ್ಲಿ ಪಡೆಯಿರಿ.