ಮನೆಯಂಗಳದ ಮಳೆಮಾಪಕ

ಗುಡುಗುಮಳೆ ಒಂದೇ ಊರಿನ ಎರಡು ಬಡಾವಣೆಗಳಲ್ಲಿ ಒಂದೇ ಪ್ರಮಾಣದಲ್ಲಿ ಬೀಳುವುದಿಲ್ಲವಾದ್ದರಿಂದ, ಊರಿಗೊಂದು ಮಾಪಕದ ಲೆಕ್ಕವನ್ನೇ ಇಡೀ ಊರಿನ ಮಳೆಯೆಂದು ನಂಬುವುದು ಅಪಾಯಕರ. ಅಮೆರಿಕದ ಕೊಲೊರಾಡೊ ರಾಜ್ಯದ ಫೋರ್ಟ್ ಕಾಲಿನ್ಸ್ ನಗರದಲ್ಲಿ 1997ರ ಜುಲೈ 27–28ರಂದು ಇದು ರುಜುವಾತಾಯಿತು. ನಗರದ ಒಂದು ಅಂಚಿನಲ್ಲಿ 14 ಇಂಚಿಗೂ ಮಿಕ್ಕಿ ಸುರಿದ ಮಳೆ ಕೆಲವೇ ಮೈಲಿ ಆಚೆ ತೀರಾ ಕಡಿಮೆಯಿತ್ತು. ಪ್ರವಾಹಕ್ಕೆ 5 ಮಂದಿ ಬಲಿಯಾದರು. ಅಲ್ಲಿನ ಕೊಲೊರಾಡೊ ಸ್ಟೇಟ್ ವಿಶ್ವವಿದ್ಯಾಲಯದ ಹವಾಮಾನ ತಜ್ಞ ನೋಲನ್ ಡೋಸ್ಕೆನ್ ಅವರು ಮರುವರ್ಷವೇ, ಜನಸಾಮಾನ್ಯರು ಮಳೆ, ಆಲಿಕಲ್ಲು ಮತ್ತು ಹಿಮವನ್ನು ಅಳೆದು ತಿಳಿಸುವ ‘ಕೊಕೊರಾಸ್’ ಎಂಬ ಜಾಲವನ್ನು ಆರಂಭಿಸಿದರು. ಅದೀಗ ಅಮೆರಿಕದ ಎಲ್ಲ 50 ರಾಜ್ಯಗಳಿಗೂ ಕೆನಡಾಕ್ಕೂ ಹಬ್ಬಿದೆ.

ಜಾಲದ ಮುಖ್ಯ ಉಪಕರಣ 4 ಇಂಚು ವ್ಯಾಸದ ಪ್ಲಾಸ್ಟಿಕ್ ಕೊಳವೆ. ಆಲಿಕೆಯ ಮೂಲಕ ಇಳಿದ ನೀರು ಅದರೊಳಗಿನ ಸಣ್ಣ ಕೊಳವೆಯಲ್ಲಿ ನಿಲ್ಲುತ್ತದೆ. ಸಣ್ಣ ಕೊಳವೆಯ ವಿಸ್ತೀರ್ಣ ಮಾಪಕದ ಬಾಯಿಯ ಹತ್ತನೇ ಒಂದು ಭಾಗವಾದ್ದರಿಂದ 1 ಇಂಚು ಮಳೆ 10 ಇಂಚು ಎತ್ತರಕ್ಕೆ ಏರಿ, ಇಂಚಿನ ನೂರನೇ ಒಂದು ಭಾಗವನ್ನೂ ಬರಿಗಣ್ಣಿನಿಂದ ಓದಬಹುದು. ಅದು ತುಂಬಿ ಹೊರಕೊಳವೆಗೆ ಚೆಲ್ಲಿದ್ದನ್ನು ಮತ್ತೆ ಸುರಿದು ಅಳೆಯುತ್ತಾರೆ. ಆಲಿಕಲ್ಲಿಗಂತೂ ಅಲ್ಯೂಮಿನಿಯಂ ಹಾಳೆ ಸುತ್ತಿದ ಥರ್ಮೊಕೋಲಿನಂಥ ಹಲಗೆಯೇ ಸಾಕು. ಅದರ ಮೇಲಿನ ಗುಳಿಗಳೇ ಕಲ್ಲಿನ ಗಾತ್ರವನ್ನೂ ಬಿದ್ದ ದಿಕ್ಕನ್ನೂ ಹೇಳುತ್ತವೆ.

ಬೆಳಗ್ಗೆ 7ರ ಸುಮಾರಿಗೆ ಅಳೆಯುವ ಈ ಕೆಲಸದಲ್ಲಿ ಕಠಿಣವಾದದ್ದು ಮಳೆಯಿಲ್ಲದ ದಿನ ಸೊನ್ನೆ ಬರೆಯುವುದೇ ಇರಬೇಕು. ಖಾಲಿ ಬಿಟ್ಟ ಜಾಗ ಮಳೆ ಬರಲಿಲ್ಲವೆಂದು ಹೇಳುತ್ತದೋ, ಅಳೆಯುವವರು ಊರಲ್ಲಿರಲಿಲ್ಲವೆಂದು ಹೇಳುತ್ತದೋ ತಿಳಿಯದು. ಬರದ ಅಂದಾಜಿಗೆ ಆಧಾರವಾಗುವುದು ಬರೆದ ಸೊನ್ನೆಗಳು ಮಾತ್ರ. ಇತ್ತ ರಾಡಾರ್ ಇರುವಾಗ ಇದೆಲ್ಲ ಏಕೆಂಬ ಪ್ರಶ್ನೆಗೂ ಉತ್ತರವಿದೆ. ರಾಡಾರ್ ಎತ್ತರದ ಹನಿಗಳಿಂದ ಮರಳುವ ಅಲೆಗಳನ್ನು ಆಧರಿಸಿ ಮಳೆಯನ್ನು ಅಂದಾಜಿಸುತ್ತದೆಯೇ ಹೊರತು ನೆಲಕ್ಕೆ ಬಿದ್ದದ್ದನ್ನು ಅಳೆಯುವುದಿಲ್ಲ, ಆ ಅಂದಾಜನ್ನು ತಿದ್ದಲು ನೆಲದ ಲೆಕ್ಕವೇ ಬೇಕು. ಭಾರಿ ಮಳೆಯ ವರದಿಗಳು ಆಗಿಂದಾಗಲೇ ಸ್ಥಳೀಯ ಹವಾಮಾನ ಕಚೇರಿಗೆ ತಲುಪಿ, ಪ್ರವಾಹದ ಎಚ್ಚರಿಕೆ ನೀಡುವವರಿಗೆ ನೆರವಾಗುತ್ತವೆ.

ಇಂಚಿನ ನೂರನೇ ಭಾಗವನ್ನು ‘ಸೆಂಟ್’ ಎಂದು ಎಣಿಸುವ ಕೊಡಗಿನ ಕಾಫಿ ಬೆಳೆಗಾರರಿಗೆ ಈ ಶಿಸ್ತು ಹೊಸದೇನಲ್ಲ. ಅಲ್ಲಿನ ಅನೇಕ ತೋಟಗಳಲ್ಲಿ ದಶಕಗಳ ಮಳೆ ಲೆಕ್ಕದ ಪುಸ್ತಕಗಳಿವೆ. ಅಂಥ ಪುಸ್ತಕವುಳ್ಳವರು ಅದರ ಒಂದು ನಕಲನ್ನು ಹತ್ತಿರದ ಕೃಷಿ ಅಥವಾ ಹವಾಮಾನ ಸಂಶೋಧಕರಿಗೆ ಒದಗಿಸಬೇಕು.