ಮನಸ್ಸಿಗೂ ಒಬ್ಬ ಡಾಕ್ಟರು ಬೇಕೆ?

ಮೈ ಬಿಸಿಯಾದರೆ ಯಾರನ್ನೂ ಕೇಳದೆ ಡಾಕ್ಟರ ಬಳಿ ಹೋಗುತ್ತೇವೆ. ಹಲ್ಲು ನೋವಾದರೆ ಲೆಕ್ಚರು ತಪ್ಪಿಸಿಯಾದರೂ ಹೋಗುತ್ತೇವೆ. ಮನಸ್ಸು ಕೆಟ್ಟರೆ ಮಾತ್ರ "ಎಲ್ಲಾ ಸರಿ ಹೋಗ್ತದೆ ಮಾರಾಯ, ಒಂದು ಪಿಕ್ಚರ್ ನೋಡಿ ಬಾ" ಎನ್ನುತ್ತಾನೆ ಗೆಳೆಯ. "ಊರಿಗೆ ಹೋಗಿ ದೇವರಿಗೆ ಕಾಯಿ ಒಡೆಸಿ ಬಾ ಮಗಾ" ಎನ್ನುತ್ತಾರೆ ದೊಡ್ಡಮ್ಮ. ಎರಡೂ ಪ್ರೀತಿಯ ಮಾತೇ. ಅಷ್ಟರಿಂದ ಹಗುರಾದರೆ ಒಳ್ಳೆಯದೇ ಆಯಿತು. ಆಗದಿದ್ದರೆ?

ಫಲಿತಾಂಶ ಕೆಟ್ಟಾಗ, ಮನೆಯಲ್ಲಿ ಸಾವಾದಾಗ ದುಃಖವಾಗುವುದು ರೋಗವಲ್ಲ. ಆದರೆ ಎರಡು ವಾರ ಕಳೆದರೂ ದಿನದ ಹೆಚ್ಚು ಹೊತ್ತು ಮನಸ್ಸು ಏಳದಿದ್ದರೆ, ನಿದ್ದೆ, ಊಟ, ಓದು ಮೂರೂ ಹದಗೆಟ್ಟರೆ, ಮೊದಲು ಇಷ್ಟವಾಗುತ್ತಿದ್ದುದು ಯಾವುದೂ ಬೇಡವೆನಿಸಿದರೆ, ಹೋಗಿ ತೋರಿಸುವುದೇ ಸರಿ. ಸಾಯುವ ಯೋಚನೆ ಬಂದರಂತೂ ಎರಡು ವಾರ ಎಣಿಸುತ್ತ ಕೂರಬಾರದು. ಅಂದೇ ಯಾರಿಗಾದರೂ ಹೇಳಬೇಕು. ಸರಕಾರದ ಟೆಲಿ-ಮಾನಸ್ 2022ರ ಅಕ್ಟೋಬರಿನಲ್ಲಿ ಶುರುವಾಯಿತು. ನಂಬರು 14416. ಹಗಲು ರಾತ್ರಿ, ಪುಕ್ಕಟೆ. ಅಲ್ಲಿ ಕನ್ನಡವೂ ಉಂಟು.

"ಅಲ್ಲಿಗೆ ಹೋಗುವವರು ಹುಚ್ಚರು" ಎಂಬ ಮಾತು ಇನ್ನೂ ಹೋಗಿಲ್ಲ. ಬೆಂಗಳೂರಿನ ನಿಮ್ಹಾನ್ಸ್ 2015-16ರಲ್ಲಿ 12 ರಾಜ್ಯಗಳಲ್ಲಿ ನಡೆಸಿದ ಸಮೀಕ್ಷೆಯಲ್ಲಿ ವಯಸ್ಕರ ಪೈಕಿ ನೂರಕ್ಕೆ ಹತ್ತಕ್ಕಿಂತ ಹೆಚ್ಚು ಮಂದಿಗೆ ಯಾವುದಾದರೊಂದು ಮಾನಸಿಕ ತೊಂದರೆ ಕಂಡುಬಂತು. ಆ ಲೆಕ್ಕದಲ್ಲಿ 120 ಜನರ ಒಂದು ಕ್ಲಾಸಿಗೆ ಹನ್ನೆರಡು. ಎಲ್ಲರೂ ಹುಚ್ಚರೇ? ನಮ್ಮನ್ನು ನಗಿಸಿದ 'ಕೊರವಂಜಿ'ಯ ರಾಶಿಯವರು ವೈದ್ಯರು. ಅವರಿಗೆ 1976ರಲ್ಲಿ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದದ್ದು ಮನೋರೋಗಗಳ ಬಗ್ಗೆ ಬರೆದ 'ಮನಮಂಥನ'ಕ್ಕೆ. ಕನ್ನಡದವರಿಗೆ ಇದು ಹೊಸ ವಿಷಯವೇನಲ್ಲ.

ಇನ್ನು ಯಾರ ಹತ್ತಿರ ಹೋಗುವುದು? ಮನೋವೈದ್ಯರು ಎಂ.ಬಿ.ಬಿ.ಎಸ್. ಓದಿ, ಮೇಲೆ ಮನೋವೈದ್ಯದಲ್ಲಿ ಪದವಿ ಪಡೆದವರು. ಔಷಧ ಬರೆದುಕೊಡುವವರು ಇವರು. ಕ್ಲಿನಿಕಲ್ ಸೈಕಾಲಜಿಸ್ಟರು ಮಾತಿನ ಮೂಲಕ ಚಿಕಿತ್ಸೆ ಮಾಡುತ್ತಾರೆ. ಇವರಿಗೆ ರಿಹ್ಯಾಬಿಲಿಟೇಷನ್ ಕೌನ್ಸಿಲಿನ ನೋಂದಣಿ ಇರಬೇಕು. ಮೂರನೆಯವರು ಆಪ್ತಸಲಹೆಗಾರರು. ಇವರಲ್ಲಿ ಚೆನ್ನಾಗಿ ಕಲಿತವರೂ ಇದ್ದಾರೆ, ನಾಲ್ಕು ದಿನ ಕಲಿತು ಬೋರ್ಡು ಹಾಕಿದವರೂ ಇದ್ದಾರೆ. ಆದ್ದರಿಂದ "ಏನು ಓದಿದ್ದೀರಿ?" ಎಂದು ಕೇಳಲು ಸಂಕೋಚ ಬೇಡ. ಒಳ್ಳೆಯವರು ಬೇಸರಿಸುವುದಿಲ್ಲ.

ಮುಂಬಯಿಯಲ್ಲಿ ಖಾಸಗಿಯವರ ಒಂದು ಭೇಟಿಗೆ ಸಾವಿರ ದಾಟುವುದು ಸಾಮಾನ್ಯ. ವಾರಕ್ಕೊಮ್ಮೆ ಎಂದರೆ ತಿಂಗಳಿಗೆ ನಾಲ್ಕು ಸಲ. ನಮ್ಮಂಥವರಿಗೆ ಆಗದ ಮಾತು. ಆದರೆ ಪರೇಲಿನ ಕೆ.ಇ.ಎಂ., ಮುಂಬಯಿ ಸೆಂಟ್ರಲ್‌ನ ನಾಯರ್, ಸಾಯನ್ ಆಸ್ಪತ್ರೆ, ಈ ಮೂರರಲ್ಲೂ ಮನೋವೈದ್ಯ ವಿಭಾಗವುಂಟು. ಕೇಸ್ ಪೇಪರಿನ ಖರ್ಚು ಅಲ್ಪ. ಕ್ಯೂ ಮಾತ್ರ ಉದ್ದ. ಬೆಳಿಗ್ಗೆ ಬೇಗ ಹೋಗಬೇಕು.

ಎಲ್ಲಕ್ಕಿಂತ ದೊಡ್ಡದು ಭಾಷೆಯ ಪ್ರಶ್ನೆ. ಕನ್ನಡ ಮಾಧ್ಯಮದಿಂದ ಬಂದ ನಾವು ಬ್ಯಾಲೆನ್ಸ್ ಶೀಟನ್ನು ಇಂಗ್ಲಿಷಿನಲ್ಲಿ ಬರೆಯಲು ಕಲಿತಿದ್ದೇವೆ. ಲೋಕಲ್ ಗಾಡಿಯಲ್ಲಿ ಹಿಂದಿ, ಮರಾಠಿಯಲ್ಲಿ ಜಗಳವಾಡಲೂ ಬರುತ್ತದೆ. ಆದರೆ ಸಂಕಟ, ತಳಮಳ, ಜೀವಕ್ಕೆ ಬೇಸರ, ಇವು ಬೇರೆ ಬೇರೆ. ಇಂಗ್ಲಿಷಿನಲ್ಲಿ ಹೇಳಹೊರಟರೆ ಮೂರೂ 'ಟೆನ್ಷನ್' ಎಂಬ ಒಂದೇ ಖಾತೆಗೆ ಬೀಳುತ್ತವೆ. ಡಾಕ್ಟರು ಆ ಖಾತೆ ನೋಡಿಯೇ ಲೆಕ್ಕ ಹಾಕಬೇಕಲ್ಲ! ನನಗೆ ಗೊತ್ತಿರುವ ಒಬ್ಬ ಹುಡುಗ ಎರಡು ಸಲ ಹೋಗಿ, ಹೇಳಲು ಇಂಗ್ಲಿಷ್ ಸಾಲದೆ, ಮೂರನೇ ಸಲ ಹೋಗಲೇ ಇಲ್ಲ. ಆದ್ದರಿಂದ ಕನ್ನಡ ಬಲ್ಲವರು ಇದ್ದಾರೆಯೇ ಎಂದು ಮೊದಲೇ ವಿಚಾರಿಸಿ. ಬೆಂಗಳೂರು, ಮಂಗಳೂರಿನವರು ಈಗ ಫೋನಿನಲ್ಲಿ, ವಿಡಿಯೋದಲ್ಲಿ ಸಿಗುತ್ತಾರೆ. ಐದು ಜನರ ಖೋಲಿಯಲ್ಲಿ ಮನಸ್ಸು ಬಿಚ್ಚುವುದು ಕಷ್ಟವಾದರೆ ಕಾಲೇಜಿನ ಖಾಲಿ ಕ್ಲಾಸು ಹುಡುಕಿಕೊಳ್ಳಿ. ಕನ್ನಡದವರು ಸಿಗದಿದ್ದರೆ ಹೇಳಬೇಕಾದ್ದನ್ನು ಹಿಂದಿನ ರಾತ್ರಿ ಕನ್ನಡದಲ್ಲೇ ಬರೆದಿಡಿ. ಆಮೇಲೆ "ಎದೆ ಹಿಂಡುತ್ತದೆ, ಬೆಳಗಿನ ಜಾವ ಹೆಚ್ಚು" ಎಂಬಂತೆ ಮೈಗೆ ಆಗುವುದನ್ನು ಬಿಡಿಸಿ ಹೇಳಿ. ಅದು ಯಾವ ಭಾಷೆಯಲ್ಲೂ ತಿಳಿಯುತ್ತದೆ.

ಸರಿಯಾದವರು ಎಂದು ತಿಳಿಯುವುದು ಹೇಗೆ? ಎಡ್ವರ್ಡ್ ಬೋರ್ಡಿನ್ ಎಂಬ ಮನಶ್ಶಾಸ್ತ್ರಜ್ಞ 1979ರಲ್ಲಿ ಮೂರು ಅಂಶ ಹೇಳಿದ: ಗುರಿಯ ಬಗ್ಗೆ ಒಪ್ಪಿಗೆ, ಮಾಡಬೇಕಾದ ಕೆಲಸದ ಬಗ್ಗೆ ಒಪ್ಪಿಗೆ, ಇಬ್ಬರ ನಡುವೆ ವಿಶ್ವಾಸ. ಮೂರು ನಾಲ್ಕು ಭೇಟಿಯ ನಂತರ ಈ ಮೂರನ್ನು ತಾಳೆ ನೋಡಿ. ಬರೀ ಉಪದೇಶ ಮಾಡುವವರು, ನಿಮ್ಮ ಜಾತಿ, ಮನೆತನದ ಬಗ್ಗೆ ಹಗುರವಾಗಿ ಮಾತಾಡುವವರು ಬೇಡ. ಖೋಲಿ ನೋಡಿದ ಮಾತ್ರಕ್ಕೆ ಡಿಪಾಜಿಟ್ ಕೊಡಬೇಕೆಂದಿಲ್ಲ, ಬೇರೆಯವರನ್ನು ನೋಡಬಹುದು. ಆದರೆ ಕಹಿ ಪ್ರಶ್ನೆ ಕೇಳಿದರೆಂದು ಮಾತ್ರ ಬಿಡಬೇಡಿ. ಔಷಧ ಕೊಟ್ಟಿದ್ದರೆ ಹೇಳದೆ ಕೇಳದೆ ನಿಲ್ಲಿಸಲೂ ಬೇಡಿ.

ಮನೆಗೆ ಗೊತ್ತಾದೀತು ಎಂಬ ಭಯವೇ? 2017ರ ಮಾನಸಿಕ ಆರೋಗ್ಯ ಕಾಯಿದೆ ಗುಟ್ಟು ಕಾಯುವುದನ್ನು ರೋಗಿಯ ಹಕ್ಕೆಂದೇ ಹೇಳಿದೆ. ಜೀವಕ್ಕೆ ಅಪಾಯವಿರುವಂಥ ಕೆಲವೇ ಸಂದರ್ಭಗಳಲ್ಲಿ ಅದಕ್ಕೆ ವಿನಾಯಿತಿ.

ಬಳಗದ ಗೆಳೆಯರಲ್ಲಿ ಒಂದು ಮಾತು. ಪಕ್ಕದ ಬೆಂಚಿನವನು ಒಂದು ವಾರ ಮಾತಾಡದೆ ಕೂತರೆ "ಏನಾಯ್ತೋ?" ಎಂದು ಕನ್ನಡದಲ್ಲಿ ಕೇಳಿ. ಅಗತ್ಯ ಬಿದ್ದರೆ ಮೊದಲ ದಿನ ಅವನ ಜೊತೆ ಆಸ್ಪತ್ರೆಯ ಕ್ಯೂನಲ್ಲಿ ನಿಲ್ಲಿ. ಒಂದು ಬೆಳಗಿನ ಲೆಕ್ಚರು ಹೋದೀತು, ಅಷ್ಟೆ.