ವಾಟ್ ಕೇಳುವ ಮುನ್ನ ಆಂಟೆನಾ ನೋಡಿ

ಮರಳುಗಾಡು, ಕಾಡುದಾರಿ, ಘಟ್ಟದ ಕೆಸರಿನಲ್ಲಿ ಸಾಲಾಗಿ ಸಾಗುವ ಜೀಪುಗಳಿಗೆ ವಾಕಿಟಾಕಿ ಆರಿಸುವವರು ಮೊದಲು ಕೇಳುವುದು ‘ಎಷ್ಟು ವಾಟ್?’ ಎಂದು. ಡಬ್ಬದ ಮೇಲೆ ಅಚ್ಚಾದ ಹತ್ತಾರು ಕಿಲೋಮೀಟರುಗಳ ಭರವಸೆಯೂ ಆ ಪ್ರಶ್ನೆಗೆ ಕುಮ್ಮಕ್ಕು ಕೊಡುತ್ತದೆ. ಆದರೆ ಮಾತು ಎಷ್ಟು ದೂರ ಮುಟ್ಟುತ್ತದೆಂದು ತೀರ್ಮಾನಿಸುವುದು ಮೊದಲಿಗೆ ಆಂಟೆನಾ ಮತ್ತು ಅದು ನಿಂತ ಎತ್ತರ. ವಾಟ್ ಆಮೇಲಿನ ಮಾತು. ಇದಕ್ಕೆ ಆಸ್ಟ್ರೇಲಿಯಾದಲ್ಲಿ ಒಳ್ಳೆಯ ಪುರಾವೆ ಸಿಗುತ್ತದೆ. ಅಲ್ಲಿ 477 ಮೆಗಾಹರ್ಟ್ಸ್ ಆಸುಪಾಸಿನ ಯುಎಚ್‌ಎಫ್ ಸಿಬಿ ರೇಡಿಯೊದ 80 ಚಾನೆಲ್‌ಗಳಲ್ಲಿ ಹೆಚ್ಚಿನವು ಜನಸಾಮಾನ್ಯರಿಗೆ ಮುಕ್ತ. 40ನೆಯದು ಹೆದ್ದಾರಿಯ ಲಾರಿಯವರದು, 10ನೆಯದು ಫೋರ್‌ವೀಲ್ ಡ್ರೈವ್ ತಂಡಗಳದು. ಸಿಂಪ್ಸನ್ ಮರುಭೂಮಿಯಲ್ಲಿ ದಿಬ್ಬದಾಚೆಯಿಂದ ಎದುರು ಬರುವವರನ್ನು ಎಚ್ಚರಿಸುವುದೂ ಈ ಹತ್ತರಲ್ಲೇ. ಕೈಯಲ್ಲಿ ಹಿಡಿಯುವ ಸೆಟ್ಟಿಗೂ ವಾಹನದಲ್ಲಿ ಕೂರಿಸುವ ಸೆಟ್ಟಿಗೂ ಅಲ್ಲಿ ಮಿತಿ ಒಂದೇ, 5 ವಾಟ್. ಆದರೂ ವಾಹನದ ಸೆಟ್ ಹೆಚ್ಚು ದೂರ ಮುಟ್ಟುತ್ತದೆ. ಕೈಸೆಟ್ಟಿನ ಗಿಡ್ಡ ಆಂಟೆನಾ ಜೀಪಿನ ಲೋಹದ ಗೂಡಿನೊಳಗೆ ಸಿಕ್ಕಿಕೊಂಡಿರುತ್ತದೆ, ವಾಹನದ್ದು ಹೊರಗೆ ಬಯಲಲ್ಲಿ ನಿಂತಿರುತ್ತದೆ.

ಈ ಅಲೆಗಳು ಬಹುಮಟ್ಟಿಗೆ ನೇರ ಸಾಗುತ್ತವೆ. ಸಮತಟ್ಟು ನೆಲದಲ್ಲಿ 2 ಮೀಟರ್ ಎತ್ತರದ ಎರಡು ಆಂಟೆನಾಗಳ ನಡುವೆ, ಭೂಮಿಯ ದುಂಡು ಅಡ್ಡ ಬರುವ ಮೊದಲು, ಸುಮಾರು 12 ಕಿ.ಮೀ. ದೂರ ಸಿಗುತ್ತದೆ. ಒಂದನ್ನು 100 ಮೀಟರ್ ಗುಡ್ಡದ ನೆತ್ತಿಗೇರಿಸಿದರೆ ಅದು 47 ಕಿ.ಮೀ. ಆಗುತ್ತದೆ. ವಾಟ್ ಹೆಚ್ಚಿಸಿದರೆ ಇಷ್ಟು ಲಾಭವಿಲ್ಲ. ನೇರ ಬಂದ ಅಲೆಯೂ ನೆಲಕ್ಕೆ ಬಡಿದು ಪುಟಿದ ಅಲೆಯೂ ಒಂದನ್ನೊಂದು ಕುಗ್ಗಿಸುವುದರಿಂದ, ದೂರ ಇಮ್ಮಡಿಯಾಗಬೇಕಾದರೆ ಶಕ್ತಿ ಹದಿನಾರು ಪಟ್ಟಾಗಬೇಕು. ಎರಡೂ ಆಂಟೆನಾಗಳ ಎತ್ತರವನ್ನು ಇಮ್ಮಡಿಸಿದರೆ ಅಷ್ಟೇ ಲಾಭ ಖರ್ಚಿಲ್ಲದೆ ಬರುತ್ತದೆ. ನಡುವೆ ಗುಡ್ಡ ನಿಂತರಂತೂ ವಾಟ್ ಹೆಚ್ಚಿದ್ದರೂ ಪ್ರಯೋಜನ ಅಲ್ಪ.

ಹಾಗಾದರೆ ಅತಿ ಹೆಚ್ಚು ಗೇನ್ ಇರುವ ಉದ್ದನೆಯ ಆಂಟೆನಾ ಕೊಂಡರಾಯಿತಲ್ಲ ಎನ್ನಬಹುದು. ಆದರೆ ಗೇನ್ ಎಂದರೆ ಹೊಸ ಶಕ್ತಿಯಲ್ಲ. ಹಿಟ್ಟಿನ ಉಂಡೆಯನ್ನು ಚಪಾತಿಯಾಗಿ ಲಟ್ಟಿಸಿದಂತೆ, ಇದ್ದ ಶಕ್ತಿಯೇ ಅಗಲಕ್ಕೆ ಹರಡಿ ತೆಳುವಾಗುತ್ತದೆ. ಬಯಲುಸೀಮೆಗೆ ಅದು ಒಳ್ಳೆಯದೇ. ಜೀಪು ವಾಲುವ, ಒಂದು ವಾಹನ ಕಣಿವೆಯಲ್ಲೂ ಇನ್ನೊಂದು ತಿರುವಿನ ಮೇಲೂ ಇರುವ ಘಟ್ಟದಲ್ಲಿ ಆ ತೆಳು ಹಾಳೆ ಜೊತೆಗಾರರ ತಲೆಯ ಮೇಲೋ ಕಾಲಡಿಗೋ ಹಾದುಹೋಗುತ್ತದೆ. ಅಲ್ಲಿ ಕಡಿಮೆ ಗೇನ್‌ನ ಗಿಡ್ಡ ಆಂಟೆನಾವೇ ಮೇಲು. ಒದ್ದೆ ಎಲೆಗಳ ಕಾಡಿನಲ್ಲಿ ಕಡಿಮೆ ಆವರ್ತನದ ಅಲೆ ಚೆನ್ನಾಗಿ ಹಾಯುತ್ತದೆ ಎಂಬ ಇನ್ನೊಂದು ವಾದವೂ ನಿಜ. ಆದರೆ 27 ಮೆಗಾಹರ್ಟ್ಸ್‌ಗೆ ಕಾಲು ತರಂಗದ ಆಂಟೆನಾ ಸುಮಾರು ಎರಡೂಮುಕ್ಕಾಲು ಮೀಟರ್ ಉದ್ದವಿರಬೇಕು. ನಮ್ಮಲ್ಲಿ ಪರವಾನಗಿ ಬೇಡದ 446 ಮೆಗಾಹರ್ಟ್ಸ್‌ಗೆ 17 ಸೆಂಟಿಮೀಟರ್ ಸಾಕು. ಕೊಂಬೆ ತಗ್ಗಿದ ದಾರಿಯಲ್ಲಿ ಯಾವುದು ಮುರಿಯದೆ ಉಳಿದೀತೆಂದು ಹೇಳಬೇಕಾಗಿಲ್ಲ. ಮೊಬೈಲ್ ಇರುವಾಗ ಇದೆಲ್ಲ ಯಾಕೆ ಎನ್ನುವವರಿಗೆ ಉತ್ತರ ಚಿಕ್ಕದು: ಟವರ್ ಇಲ್ಲದ ಇಳಿಜಾರಿನಲ್ಲಿ ‘ನಿಲ್ಲಿ’ ಎಂಬ ಒಂದು ಮಾತು ಎಲ್ಲ ಚಾಲಕರಿಗೂ ಒಟ್ಟಿಗೇ ಕೇಳಬೇಕು.

ನಮ್ಮಲ್ಲಿ ಕಾನೂನಿನ ಪ್ರಶ್ನೆಯೂ ಇದೆ. ಭಾರತದಲ್ಲಿ 2018ರ ನಿಯಮಗಳ ಪ್ರಕಾರ 446.0ರಿಂದ 446.2 ಮೆಗಾಹರ್ಟ್ಸ್‌ವರೆಗಿನ ಕಡಿಮೆ ಶಕ್ತಿಯ ಸೆಟ್‌ಗಳಿಗೆ ಪರವಾನಗಿ ಬೇಡ. ಹ್ಯಾಮ್ (ಹವ್ಯಾಸಿ ರೇಡಿಯೊ) ಪಟ್ಟಿಗಳಿಗೆ ಪರೀಕ್ಷೆ ಪಾಸಾಗಿ ಪರವಾನಗಿ ಪಡೆಯಲೇಬೇಕು. ಆನ್‌ಲೈನ್‌ನಲ್ಲಿ ಕಂಡದ್ದೆಲ್ಲ ಸಕ್ರಮವಲ್ಲ. ಇಂಥ ಮಾರಾಟದ ಬಗ್ಗೆ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2025ರಲ್ಲಿ ಮಾರ್ಗಸೂಚಿಯನ್ನೇ ಹೊರಡಿಸಬೇಕಾಯಿತು. ಆದ್ದರಿಂದ ಸಕಲೇಶಪುರ, ಕೊಡಗಿನ ಕಡೆ ಜೀಪು ಹತ್ತಿಸುವ ತಂಡಗಳು ಮಾದರಿ ಅನುಮೋದನೆ ಇರುವ ಪರವಾನಗಿ ಮುಕ್ತ ಸೆಟ್ಟನ್ನೇ ಕೊಳ್ಳಲಿ. ಮಾತು ಮುಟ್ಟದಿದ್ದಾಗ ಅಕ್ರಮ ವಾಟ್‌ಗಳ ಮೊರೆಹೋಗುವ ಬದಲು ಒಬ್ಬರು ಜೀಪಿನಿಂದಿಳಿದು, ಸೆಟ್ಟನ್ನು ನೆಟ್ಟಗೆ ಹಿಡಿದು, ದಿಬ್ಬ ಹತ್ತಿ ಮಾತಾಡಲಿ.